ನಡುವಯಸ್ಸಿನ ಆಟಗಾರನೂ ಅಂಗಸಾಧನೆಯೂ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ಕೇಳದವರಿಲ್ಲ. ಅಂಗಸಾಧನೆಯ ಮಟ್ಟಿಗೆ ಇದು ಪೂರ್ತಿ ನಿಜವಲ್ಲವೆಂಬುದನ್ನು ನಾನು ನಮ್ಮ ಮನೆಯಲ್ಲಿಯೇ ಕಲಿತೆನು.

ನಮ್ಮ ತಂದೆಯವರು ಪ್ರಾಯದಲ್ಲಿ ಊರಿನ ಕಬಡ್ಡಿ ತಂಡದ ಹುರಿಯಾಳು. ಎರಡು ವರ್ಷಗಳ ಹಿಂದೆ, ನಲವತ್ತಾರನೆಯ ವಯಸ್ಸಿನಲ್ಲಿ, ಗೆಳೆಯರ ಒತ್ತಾಯಕ್ಕೆ ಮಣಿದು ಜಾತ್ರೆಯ ಪಂದ್ಯಕ್ಕಿಳಿದರು. ಗೆರೆಯತ್ತ ನೆಗೆಯುವಾಗ ‘ಟಪ್ಪ’ನೆ ಸದ್ದಾಯಿತು. ಯಾರೋ ಹಿಂದಿನಿಂದ ಒದ್ದರೆಂದು ತಿರುಗಿ ನೋಡಿದರೆ ಯಾರೂ ಇರಲಿಲ್ಲ. ಹಿಮ್ಮಡಿಯ ಸ್ನಾಯುರಜ್ಜು ಹರಿದಿತ್ತು. ಐದು ತಿಂಗಳು ಅವರಿಗೆ ಕೂಲಿಯಿಲ್ಲ. ನನ್ನ ಕಾಲೇಜು ಬಿಟ್ಟುಹೋಗುವುದರಲ್ಲಿತ್ತು.

ದಿನವೂ ಮೂಟೆ ಹೊರುವವರಿಗೆ ಹೀಗೇಕಾಯಿತು? ಹೊರೆ ಹೊರುವುದು ನಿಧಾನದ ದುಡಿಮೆ. ಕಬಡ್ಡಿಯ ನೆಗೆತ ಮಿಂಚಿನಂತಹುದು. ದೇಹವು ತಾನು ರೂಢಿಸಿಕೊಂಡ ಕೆಲಸಕ್ಕೆ ಮಾತ್ರ ಸಿದ್ಧವಾಗಿರುತ್ತದೆ. ಮೇಲಾಗಿ, ಮೂವತ್ತು ದಾಟಿದ ಬಳಿಕ ಮಾಂಸಖಂಡವು ಹತ್ತು ವರ್ಷಕ್ಕೆ ಸುಮಾರು ಶೇಕಡಾ 3ರಿಂದ 8ರಷ್ಟು ಕುಗ್ಗುತ್ತದೆ. ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ರಜ್ಜುವಿಗೆ ರಕ್ತಸಂಚಾರ ಕಡಮೆಯಾದುದರಿಂದ ಅದು ಬಲಿಯುವುದೂ ಮಾಯುವುದೂ ತಡ. ಆಟಕ್ಕೆ ಮರಳಿದವನ ಉಸಿರು ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತದೆ. ರಜ್ಜುವಿಗೆ ತಿಂಗಳುಗಳೇ ಬೇಕು. ಮನಸ್ಸಾದರೋ ಇಪ್ಪತ್ತರ ಆಟವನ್ನು ಮರೆತಿರುವುದೇ ಇಲ್ಲ. ಅಪಾಯವಿರುವುದು ಈ ಅಂತರದಲ್ಲಿಯೇ.

ಹಾಗೆಂದು ನಿರಾಶರಾಗಬೇಕಿಲ್ಲ. 1990ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿ ವೃದ್ಧರಿಗೆ ಎಂಟು ವಾರ ಭಾರವೆತ್ತುವ ಸಾಧನೆ ಮಾಡಿಸಿದರು. ಅದನ್ನು ಪೂರೈಸಿದ ಒಂಬತ್ತು ಮಂದಿಯ ತೊಡೆಯ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ತೊಂಬತ್ತಕ್ಕೆ ಸಾಧ್ಯವಾದುದು ನಲವತ್ತಕ್ಕೆ ಅಸಾಧ್ಯವೇ?

ಇದಕ್ಕೆ ಹಣ ಬೇಕಿಲ್ಲ. ವಾರಕ್ಕೆ ಎರಡು ಮೂರು ದಿನ, ನಡುವೆ ಬಿಡುವು ಕೊಟ್ಟು, ನಮ್ಮ ಗರಡಿಯ ಬಸ್ಕಿಯನ್ನೇ ನಿಧಾನವಾಗಿ ಹೊಡೆಯಬಹುದು. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ, ಹಿಮ್ಮಡಿಯನ್ನು ಎತ್ತಿ ಮೆಲ್ಲನೆ ಕೆಳಗಿಳಿಸಬಹುದು. ಪಂದ್ಯಕ್ಕೆ ಮುನ್ನ ಹತ್ತು ನಿಮಿಷ ಓಡಾಡಿ ಮೈ ಬೆಚ್ಚಗೆ ಮಾಡಿಕೊಳ್ಳಬೇಕು. ಭಾರವನ್ನೂ ವೇಗವನ್ನೂ ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು. ನೋವು ಹೆಚ್ಚುತ್ತಿದ್ದರೆ ಹಟ ಬಿಟ್ಟು ವೈದ್ಯರಲ್ಲಿಗೆ ಹೋಗಬೇಕು.

ತಂದೆಯವರು ಈ ವರ್ಷದ ಜಾತ್ರೆಯಲ್ಲಿ ಆಡಲಿಲ್ಲ. ಆದರೆ ಆಡುವ ಗೆಳೆಯರನ್ನು ಮೂರು ತಿಂಗಳು ಮುಂಚಿನಿಂದಲೇ ನಮ್ಮ ಜಗಲಿಯ ಮೆಟ್ಟಿಲ ಮೇಲೆ ನಿಲ್ಲಿಸಿ ಹಿಮ್ಮಡಿ ಎತ್ತಿಸಿದರು. ಪಂದ್ಯದ ಸಂಜೆ ಎಲ್ಲರೂ ತಮ್ಮ ಕಾಲ ಮೇಲೆಯೇ ಮನೆಗೆ ನಡೆದರು. ಮರಳಿ ಅಂಗಳಕ್ಕಿಳಿಯಬಯಸುವ ಹಿರಿಯರು ಮೊದಲು ಮೆಟ್ಟಿಲಿನಿಂದ ಆರಂಭಿಸಲಿ.