ಫ್ರೆಂಚ್ ಭಾಷೆಯ ಪೂರ್ಣ ಭವಿಷ್ಯತ್ ಕಾಲ: ಕನ್ನಡ ಬಲ್ಲವರಿಗೆ ಒಂದು ಕೈಪಿಡಿ

ಮುಂಬಯಿ, ಪುಣೆ, ದೆಹಲಿ, ಚೆನ್ನೈ ಮೊದಲಾದ ಮಹಾನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿ ಫ್ರೆಂಚ್ ಭಾಷೆಯನ್ನು ಒಂದು ಪಾಠ್ಯವಿಷಯವಾಗಿ ಆರಿಸಿಕೊಳ್ಳುತ್ತಾರೆ. ಇನ್ನು ಕೆಲವರು ಪದವಿಯ ನಂತರ ವಿದೇಶ ವ್ಯಾಸಂಗದ ಸಲುವಾಗಿ, 1883ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪನೆಯಾದ ಅಲಿಯಾನ್ಸ್ ಫ್ರಾನ್ಸೇಸ್ ಸಂಸ್ಥೆಯ ತರಗತಿಗಳಿಗೆ ಸೇರುತ್ತಾರೆ. ಇಂಥ ಮನೆಗಳಲ್ಲಿ ತಂದೆತಾಯಿಗಳು, “ನಮಗೆ ಆ ಭಾಷೆ ಬಾರದು, ನಾವೇನು ಸಹಾಯ ಮಾಡಬಲ್ಲೆವು?” ಎಂದು ಕೈಚೆಲ್ಲುವುದುಂಟು. ಮನೆಯಲ್ಲಿ ಕನ್ನಡ ಮಾತನಾಡಿದರೆ ಮಕ್ಕಳಿಗೆ ಭಾಷೆಗಳ ಹೊರೆ ಹೆಚ್ಚಾಗುವುದೆಂಬ ಭಯವೂ ಕೆಲವರಲ್ಲಿದೆ. ಈ ಎರಡು ಅಭಿಪ್ರಾಯಗಳೂ ಎಷ್ಟು ದುರ್ಬಲವೆಂಬುದನ್ನು ಫ್ರೆಂಚ್ ವ್ಯಾಕರಣದ ಒಂದೇ ಒಂದು ಪ್ರಕರಣದಿಂದ ತೋರಿಸಬಹುದು. ಅದೇ ‘ಫ್ಯುತ್ಯುರ್ ಆಂತೇರಿಯರ್’, ಅರ್ಥಾತ್ ಪೂರ್ಣ ಭವಿಷ್ಯತ್ ಕಾಲ.

ಫ್ರೆಂಚ್ ಧ್ವನಿಗಳನ್ನು ಕನ್ನಡ ಲಿಪಿಯಲ್ಲಿ ಸಂಪೂರ್ಣವಾಗಿ ಹಿಡಿಯಲಾಗದು. ಇಲ್ಲಿ ಕೊಟ್ಟಿರುವ ರೂಪಗಳನ್ನು ಉಚ್ಚಾರಣೆಗೆ ಸಮೀಪವಾದವುಗಳೆಂದು ಮಾತ್ರ ಭಾವಿಸತಕ್ಕದ್ದು.

ಕಾಲದ ಸ್ವರೂಪ

ಮುಂದೆ ಬರಲಿರುವ ಒಂದು ಗಳಿಗೆಯಲ್ಲಿ ನಿಂತು ಹಿಂದಿರುಗಿ ನೋಡಿದಾಗ, ಅಷ್ಟರೊಳಗೆ ಮುಗಿದುಹೋಗಿರುವ ಕ್ರಿಯೆಯನ್ನು ಈ ಕಾಲ ಸೂಚಿಸುತ್ತದೆ. “ನೀವು ಬರುವಷ್ಟರಲ್ಲಿ ನಾನು ಅಡಿಗೆ ಮುಗಿಸಿರುತ್ತೇನೆ” ಎಂದು ನಮ್ಮ ಮನೆಗಳಲ್ಲಿ ದಿನನಿತ್ಯ ಹೇಳುವುದಿಲ್ಲವೇ? ಬರುವುದೂ ಮುಂದಿನದು, ಮುಗಿಸುವುದೂ ಮುಂದಿನದು. ಆದರೆ ಮುಗಿಸುವ ಕ್ರಿಯೆ ಮೊದಲಿನದು. ಈ ಪೌರ್ವಾಪರ್ಯವನ್ನು ತಿಳಿಸುವುದೇ ಈ ಕಾಲದ ಮುಖ್ಯ ಕಾರ್ಯ.

ಕನ್ನಡದ ಮೂರು ರೂಪಗಳನ್ನು ಫ್ರೆಂಚಿನ ಮೂರು ರೂಪಗಳೊಡನೆ ಇಟ್ಟು ನೋಡಿರಿ:

ಮುಗಿಸಿದ್ದೇನೆ: ಜೇ ಫಿನಿ
ಮುಗಿಸಿದ್ದೆ: ಜಾವೇ ಫಿನಿ
ಮುಗಿಸಿರುತ್ತೇನೆ: ಜೋರೇ ಫಿನಿ

ಕನ್ನಡದಲ್ಲಿ ‘ಮುಗಿಸಿ’ ಎಂಬ ಭಾಗ ಬದಲಾಗದೆ ನಿಂತು, ‘ಇರು’ ಎಂಬ ಸಹಾಯಕ ಧಾತುವೊಂದೇ ರೂಪಾಂತರ ಹೊಂದುವಂತೆ, ಫ್ರೆಂಚಿನಲ್ಲಿ ‘ಫಿನಿ’ ಎಂಬ ಭಾಗ ಹಾಗೆಯೇ ಉಳಿದು ಸಹಾಯಕ ಕ್ರಿಯಾಪದ ಮಾತ್ರ ಬದಲಾಗುತ್ತದೆ. ವಾಕ್ಯದಲ್ಲಿ ಅವುಗಳ ಕ್ರಮವಷ್ಟೇ ತಿರುಗುಮುರುಗು: ನಮ್ಮಲ್ಲಿ ಸಹಾಯಕವು ಹಿಂದೆ ಬರುತ್ತದೆ, ಅವರಲ್ಲಿ ಮುಂದೆ.

ರಚನೆಯ ಕ್ರಮ

ನಮಗೆ ‘ಇರು’ ಒಂದೇ ಸಾಕು. ಫ್ರೆಂಚಿನಲ್ಲಿ ಸಹಾಯಕಗಳು ಎರಡು: ‘ಹೊಂದಿರು’ ಎಂಬರ್ಥದ ಆವುವಾರ್ ಮತ್ತು ‘ಇರು’ ಎಂಬರ್ಥದ ಎತ್ರ್. ಇವುಗಳ ಸಾಮಾನ್ಯ ಭವಿಷ್ಯತ್ ರೂಪವನ್ನು ಮೊದಲು ಬಾಯಿಪಾಠ ಮಾಡಿಕೊಳ್ಳಬೇಕು.

ಆವುವಾರ್: ಜೋರೇ (ನಾನು), ತ್ಯು ಓರಾ (ನೀನು), ಇಲ್ ಓರಾ (ಅವನು), ಎಲ್ ಓರಾ (ಅವಳು), ನೂಜ಼್ ಓರೋಂ (ನಾವು), ವೂಜ಼್ ಓರೇ (ನೀವು), ಇಲ್ಜ಼್ ಓರೋಂ (ಅವರು).

ಎತ್ರ್: ಜ್ ಸೆರೇ, ತ್ಯು ಸೆರಾ, ಇಲ್ ಸೆರಾ, ಎಲ್ ಸೆರಾ, ನೂ ಸೆರೋಂ, ವೂ ಸೆರೇ, ಇಲ್ ಸೆರೋಂ.

ಈ ಪ್ರತ್ಯಯಗಳು ಆಕಸ್ಮಿಕವಾಗಿ ಹುಟ್ಟಿದವಲ್ಲ. ಲ್ಯಾಟಿನ್ ಆಡುಮಾತಿನಲ್ಲಿ ಧಾತುವಿನ ಮುಂದೆ ‘ಹೊಂದಿರು’ ಎಂಬ ಕ್ರಿಯಾಪದವನ್ನು ಸೇರಿಸಿ ಭವಿಷ್ಯತ್ತನ್ನು ಹೇಳುವ ರೂಢಿ ಬೆಳೆಯಿತು. ಅದೇ ಸವೆದು ಫ್ರೆಂಚಿನ ಭವಿಷ್ಯತ್ ಪ್ರತ್ಯಯವಾಯಿತು. ಆದುದರಿಂದ ಆವುವಾರ್ ಕ್ರಿಯಾಪದದ ವರ್ತಮಾನ ರೂಪಗಳನ್ನು ಬಲ್ಲ ವಿದ್ಯಾರ್ಥಿಗೆ ಈ ಪ್ರತ್ಯಯಗಳು ಹಳೆಯ ಪರಿಚಿತರಂತೆ ಕಾಣುತ್ತವೆ.

ಎರಡನೆಯ ಭಾಗ ಭೂತಕೃದಂತ. ‘ಇ-ಆರ್’ ಅಕ್ಷರಗಳಿಂದ ಕೊನೆಗೊಳ್ಳುವ ಧಾತುಗಳಲ್ಲಿ ಆ ಕೊನೆಯ ಬದಲಿಗೆ ಮೇಲೆ ಓರೆಗೆರೆಯುಳ್ಳ ‘ಇ’ ಬರುತ್ತದೆ. ಪಾರ್ಲೇ (ಮಾತನಾಡು) ಎಂಬುದರ ಕೃದಂತವೂ ಪಾರ್ಲೇ. ಕಿವಿಗೆ ಭೇದವಿಲ್ಲ, ಬರವಣಿಗೆಯಲ್ಲಿ ಮಾತ್ರ ಭೇದ. ಮಕ್ಕಳು ಹೆಚ್ಚಾಗಿ ಅಂಕ ಕಳೆದುಕೊಳ್ಳಬಹುದಾದ ಸ್ಥಳ ಇದು. ‘ಐ-ಆರ್’ ಅಂತ್ಯದ ಫಿನೀರ್ (ಮುಗಿಸು) ಫಿನಿ ಎಂದಾಗುತ್ತದೆ. ‘ಆರ್-ಇ’ ಅಂತ್ಯದ ವಾಂದ್ರ್ (ಮಾರು) ವಾಂದ್ಯು ಎಂದಾಗುತ್ತದೆ. ಫೇರ್ (ಮಾಡು), ಲೀರ್ (ಓದು), ಎಕ್ರೀರ್ (ಬರೆ), ಪ್ರಾಂದ್ರ್ (ತೆಗೆದುಕೊ) ಮುಂತಾದವು ನಿಯಮಕ್ಕೆ ಒಳಪಡದೆ ಕ್ರಮವಾಗಿ ಫೇ, ಲ್ಯು, ಎಕ್ರಿ, ಪ್ರಿ ಎಂದಾಗುತ್ತವೆ. ಇವನ್ನು ಕಂಠಪಾಠ ಮಾಡದೆ ಗತ್ಯಂತರವಿಲ್ಲ.

ಯಾವ ಸಹಾಯಕ ಎಲ್ಲಿ?

ಬಹುಪಾಲು ಕ್ರಿಯಾಪದಗಳಿಗೆ ಆವುವಾರ್ ಸಲ್ಲುತ್ತದೆ. ಹೋಗು, ಬರು, ಹೊರಡು, ತಲಪು, ಹುಟ್ಟು, ಸಾಯು, ಬೀಳು, ಉಳಿ ಮುಂತಾದ ಅರ್ಥದ ಕೆಲವು ಅಕರ್ಮಕಗಳಿಗೂ, ಕ್ರಿಯೆಯ ಫಲ ಕರ್ತೃವಿಗೇ ಮರಳುವ ಆತ್ಮಾರ್ಥಕ ಕ್ರಿಯಾಪದಗಳಿಗೂ ಎತ್ರ್ ಬರುತ್ತದೆ.

‘ದೆಸಾಂದ್ರ್’ ಎಂಬ ಕ್ರಿಯಾಪದವನ್ನು ಇಲ್ಲಿ ಗಮನಿಸಬೇಕು. “ಇಲ್ ಸೆರಾ ದೆಸಾಂದ್ಯು” ಎಂದರೆ ಅವನು ಇಳಿದಿರುತ್ತಾನೆ. “ಇಲ್ ಓರಾ ದೆಸಾಂದ್ಯು ಲಾ ವಾಲೀಜ಼್” ಎಂದರೆ ಅವನು ಪೆಟ್ಟಿಗೆಯನ್ನು ಇಳಿಸಿರುತ್ತಾನೆ. ನಾವು ಇಳಿ, ಇಳಿಸು ಎಂದು ಧಾತುವನ್ನೇ ಬದಲಿಸಿ ತೋರುವ ಅಕರ್ಮಕ ಸಕರ್ಮಕ ಭೇದವನ್ನು ಫ್ರೆಂಚರು ಇಲ್ಲಿ ಸಹಾಯಕವನ್ನು ಬದಲಿಸಿ ತೋರುತ್ತಾರೆ.

ಎತ್ರ್ ಬಂದಲ್ಲಿ ಸಾಮಾನ್ಯವಾಗಿ ಕೃದಂತವು ಕರ್ತೃವಿನ ಲಿಂಗ ವಚನಗಳನ್ನು ಅನುಸರಿಸುತ್ತದೆ. ‘ಅವಳು ಹೊರಟಿರುತ್ತಾಳೆ’ ಎಂಬುದು “ಎಲ್ ಸೆರಾ ಪಾರ್ತಿ” ಎಂದಾದಾಗ, ಕೃದಂತದ ಕೊನೆಗೆ ಉಚ್ಚಾರವಿಲ್ಲದ ಒಂದು ‘ಇ’ ಅಕ್ಷರವನ್ನು ಬರೆಯಬೇಕು. ಬಹುವಚನವಾದರೆ ‘ಎಸ್’ ಅಕ್ಷರವನ್ನೂ ಸೇರಿಸಬೇಕು. ಕನ್ನಡದಲ್ಲಿ ಲಿಂಗವು ‘ಇರುತ್ತಾನೆ, ಇರುತ್ತಾಳೆ’ ಎಂದು ಸಹಾಯಕದಲ್ಲಿ ಕಾಣಿಸಿಕೊಂಡರೆ, ಫ್ರೆಂಚಿನಲ್ಲಿ ಕೃದಂತದಲ್ಲಿ ಕಾಣಿಸಿಕೊಳ್ಳುತ್ತದೆ.

ನಿಷೇಧಾರ್ಥದ ಎರಡು ಪದಗಳು ಸಹಾಯಕವನ್ನು ಮಾತ್ರ ಇಕ್ಕೆಲಗಳಲ್ಲಿ ಸುತ್ತುವರಿಯುತ್ತವೆ: “ಜ್ ನೋರೇ ಪಾ ಫಿನಿ”, ನಾನು ಮುಗಿಸಿರುವುದಿಲ್ಲ.

ಬಳಕೆಯ ಸಂದರ್ಭಗಳು

ಮೊದಲನೆಯದು, ಗೊತ್ತಾದ ವೇಳೆಯೊಳಗೆ ಮುಗಿಯುವ ಕೆಲಸ: “ಆವಾಂ ಮಿದಿ, ಜೋರೇ ಫಿನಿ”, ಮಧ್ಯಾಹ್ನಕ್ಕೆ ಮೊದಲೇ ನಾನು ಮುಗಿಸಿರುತ್ತೇನೆ.

ಎರಡನೆಯದು, ‘ಯಾವಾಗ’, ‘ಕೂಡಲೇ’ ಎಂಬರ್ಥದ ಕಾಂ, ದೇ ಕ್ ಮುಂತಾದ ಪದಗಳ ನಂತರ. ವೈದ್ಯರು ರೋಗಿಗೆ, “ಊಟವಾದ ಮೇಲೆ ಈ ಔಷಧಿಯನ್ನು ತೆಗೆದುಕೊಳ್ಳಿ” ಎನ್ನಬೇಕಾದರೆ, “ಕಾಂ ವೂಜ಼್ ಓರೇ ಮಾಂಜೇ, ವೂ ಪ್ರಾಂದ್ರೇ ಲ್ ಮೆದಿಕಾಮಾಂ” ಎಂದು ಹೇಳಬಹುದು. ಊಟ ಮುಗಿದಿರಬೇಕೆಂಬ ಸೂಚನೆ ಕ್ರಿಯಾಪದದಲ್ಲಿಯೇ ಇದೆ. ಇಂಗ್ಲಿಷಿನಲ್ಲಿ ಇಂಥ ಉಪವಾಕ್ಯಕ್ಕೆ ಭವಿಷ್ಯತ್ ರೂಪ ಸಲ್ಲದು. ಆದುದರಿಂದ ಇಂಗ್ಲಿಷಿನ ಮೂಲಕ ಯೋಚಿಸುವ ವಿದ್ಯಾರ್ಥಿ ಇಲ್ಲಿ ವರ್ತಮಾನವನ್ನು ಬರೆದು ಎಡವುತ್ತಾನೆ. ಆದರೆ ‘ರೆ’ ಎಂಬ ಪಕ್ಷಾರ್ಥ ಕೊಡುವ ‘ಸಿ’ ಪದದ ನಂತರ ಫ್ರೆಂಚರೂ ಭವಿಷ್ಯತ್ತನ್ನು ಬಳಸುವುದಿಲ್ಲ. ‘ನೀನು ಮುಗಿಸಿದ್ದರೆ ಹೊರಡೋಣ’ ಎಂಬುದನ್ನು “ಸಿ ತ್ಯು ಆ ಫಿನಿ, ನೂ ಪಾರ್ತಿರೋಂ” ಎಂದು ಹೇಳಬೇಕು.

ಮೂರನೆಯದು ಊಹೆ. ಕರೆದ ಅತಿಥಿ ಬಾರದಿದ್ದಾಗ ನಾವು, “ಪಾಪ, ಮರೆತಿರುತ್ತಾನೆ, ಬಿಡಿ” ಎನ್ನುತ್ತೇವೆ. ಮರೆತದ್ದು ಹಿಂದಿನ ಸಂಗತಿ. ಆದರೂ ನಿಶ್ಚಯವಿಲ್ಲದ ಕಾರಣ ಭವಿಷ್ಯತ್ತಿನ ಛಾಯೆಯುಳ್ಳ ರೂಪವನ್ನು ಬಳಸುತ್ತೇವೆ. ಫ್ರೆಂಚರೂ ಸರಿಯಾಗಿ ಹಾಗೆಯೇ, “ಇಲ್ ಓರಾ ಊಬ್ಲಿಯೇ” ಎನ್ನುತ್ತಾರೆ. ದೆಹಲಿಯ ಕನ್ನಡಿಗರು ದಿನವೂ ಕೇಳುವ “ಸೋ ಗಯಾ ಹೋಗಾ”, ಮುಂಬಯಿಯವರು ಕೇಳುವ “ಝೋಪ್ಲಾ ಅಸೇಲ್” ಎಂಬ ಮಾತುಗಳೂ ಇದೇ ಜಾತಿಯವು. ಪಠ್ಯಪುಸ್ತಕದಲ್ಲಿ ವಿಚಿತ್ರವೆಂದು ತೋರುವ ಈ ಪ್ರಯೋಗ ನಮ್ಮ ಮಕ್ಕಳ ಕಿವಿಗೆ ಹೊಸದೇನೂ ಅಲ್ಲ.

ನಾಲ್ಕನೆಯದಾಗಿ, ಆಗಿಹೋದುದನ್ನು ಒಟ್ಟಾರೆ ತೂಗಿ ಹೇಳುವಾಗಲೂ ಪತ್ರಿಕೆಗಳ ಫ್ರೆಂಚಿನಲ್ಲಿ ಈ ಕಾಲ ಬರುವುದುಂಟು. ‘ನಾವು ಎಲ್ಲ ಪ್ರಯತ್ನಗಳನ್ನೂ ಮಾಡಿದಂತಾಯಿತು’ ಎಂಬ ಧಾಟಿಯ ಮಾತುಗಳು ಇದಕ್ಕೆ ಉದಾಹರಣೆ. ಇಲ್ಲಿ ಕನ್ನಡದ ‘ಇರುತ್ತೇವೆ’ ಹೊಂದುವುದಿಲ್ಲ.

ಒಂದು ಎಚ್ಚರಿಕೆ

ಹೋಲಿಕೆಗೂ ಮಿತಿಯಿದೆ. “ಪ್ರತಿದಿನ ಎಂಟು ಗಂಟೆಗೆಲ್ಲ ಅವರು ಊಟ ಮುಗಿಸಿರುತ್ತಾರೆ” ಎಂಬ ವಾಕ್ಯದಲ್ಲಿ ನಮ್ಮ ‘ಇರುತ್ತಾರೆ’ ರೂಢಿಯನ್ನು ತಿಳಿಸುತ್ತದೆ, ಭವಿಷ್ಯತ್ತನ್ನಲ್ಲ. ಅದನ್ನು ಫ್ರೆಂಚಿನ ಪೂರ್ಣ ಭವಿಷ್ಯತ್ತಿಗೆ ತಿರುಗಿಸಿದರೆ ತಪ್ಪಾಗುತ್ತದೆ. ‘ಪ್ರತಿದಿನ’ ಎಂಬ ಮಾತು ವಾಕ್ಯಕ್ಕೆ ಹೊಂದುವುದೋ, ‘ನಾಳೆ’ ಎಂಬ ಮಾತು ಹೊಂದುವುದೋ ಎಂದು ಪರೀಕ್ಷಿಸಿದರೆ ಈ ಸಂದೇಹ ಬಗೆಹರಿಯುತ್ತದೆ.

ಫ್ರೆಂಚ್ ಬಾರದ ತಾಯಿಯೂ ಮಗುವಿಗೆ, “ಈ ವಾಕ್ಯವನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀ?” ಎಂದು ಕೇಳಬಲ್ಲಳು. ‘ಮುಗಿಸುತ್ತೇನೆ’ ಎಂಬುದಕ್ಕೂ ‘ಮುಗಿಸಿರುತ್ತೇನೆ’ ಎಂಬುದಕ್ಕೂ ಇರುವ ಅಂತರವನ್ನು ಬಲ್ಲ ಮಗುವಿಗೆ ಈ ಪಾಠದ ಅರ್ಧಭಾಗ ಆಗಲೇ ಕೈವಶವಾಗಿದೆ. ಉಳಿದದ್ದು ಅಭ್ಯಾಸದ ಮಾತು. ಪರಭಾಷೆಯ ಹೊಸ್ತಿಲನ್ನು ದಾಟುವಾಗ ಕನ್ನಡವು ಮಕ್ಕಳ ಹೆಗಲ ಮೇಲಿನ ಹೊರೆಯಾಗದೆ ಊರುಗೋಲಾಗುತ್ತದೆ. ಆದರೆ ಆ ಊರುಗೋಲು ಮಗುವಿನ ಕೈಗೆ ಸಿಗಬೇಕಾದರೆ ಮನೆಯಲ್ಲಿ ಕನ್ನಡದ ಮಾತು ನಿಲ್ಲದೆ ನಡೆಯುತ್ತಿರಬೇಕು.