ಮೇ ತಿಂಗಳ ಬೆಟ್ಟ ಫೋಟೋದಲ್ಲಿ ಯಾಕೆ ಸಪ್ಪೆ?

ವಾಕೋಲಾದ ಓದುಗರೊಬ್ಬರು ಒಂದು ಫೋಟೋ ಕಳಿಸಿ ಪ್ರಶ್ನೆ ಕೇಳಿದ್ದಾರೆ. ಮೇ ತಿಂಗಳ ರಜೆಯಲ್ಲಿ ಗೆಳತಿಯರ ಜೊತೆ ಸಾಂತಾಕ್ರೂಜ್‌ನಲ್ಲಿ ಲೋಕಲ್ ಹತ್ತಿ, ದಾದರ್‌ನಲ್ಲಿ ಇಳಿದು ಕಸಾರಾ ಗಾಡಿ ಹಿಡಿದು, ಅಲ್ಲಿಂದ ಜೀಪಿನಲ್ಲಿ ಬಾರಿ ಎಂಬ ಹಳ್ಳಿಗೆ ಹೋಗಿ ಕಳಸೂಬಾಯಿ ಹತ್ತಿದರಂತೆ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಅದು, 1,646 ಮೀಟರ್. "ನೆತ್ತಿಯಲ್ಲಿ ನಿಂತಾಗ ಒಂದರ ಹಿಂದೊಂದು ಐದಾರು ಸಾಲು ಬೆಟ್ಟ ಕಂಡವು. ಫೋಟೋದಲ್ಲಿ ಎರಡೇ ಸಾಲು, ಉಳಿದದ್ದೆಲ್ಲ ಬರೀ ಬೂದು. ಯಾವ ಫಿಲ್ಟರ್ ಕೊಂಡರೆ ಸರಿಹೋಗುತ್ತದೆ?"

ಫಿಲ್ಟರಿನ ಮಾತು ಆಮೇಲೆ. ಫೋಟೋದ ಮುಂಭಾಗದಲ್ಲಿ ಹತ್ತುವವರಿಗೆಂದು ಹಾಕಿರುವ ಕಬ್ಬಿಣದ ಏಣಿಯ ಕಂಬಿಯಿದೆ. ಅದರ ಮೇಲೆ ಎದ್ದ ತುಕ್ಕಿನ ಹಕ್ಕಳೆಯನ್ನೂ ಎಣಿಸಬಹುದು, ಅಷ್ಟು ಸ್ಪಷ್ಟ. ಲೆನ್ಸಿನದಾಗಲಿ ಫೋಕಸಿನದಾಗಲಿ ತಪ್ಪಿಲ್ಲ ಎಂದಾಯಿತು. ಕೆಳಗೆ ಭಂಡಾರದರಾದ ನೀರು ಒಂದು ಬಿಳಿಚಿದ ಪಟ್ಟಿ. ಅದರಾಚೆ ಬೆಟ್ಟ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು.

ದೂರದ ಬೆಟ್ಟವನ್ನು ಮಬ್ಬು "ಮುಚ್ಚುತ್ತದೆ" ಎಂದು ನಾವೆಲ್ಲ ಹೇಳುತ್ತೇವೆ. ನಡೆಯುವುದು ಬೇರೆಯೇ. ಮುಂಬಯಿಯ ಫ್ಲ್ಯಾಟುಗಳಲ್ಲಿ ಕಿಟಕಿಗೆ ಸೊಳ್ಳೆ ಜಾಲರಿ ಹಾಕಿರುತ್ತಾರಲ್ಲ, ಪಶ್ಚಿಮಕ್ಕೆ ಮುಖಮಾಡಿದ ಅಂಥದೊಂದು ಕಿಟಕಿಯ ಮುಂದೆ ಕೂತುಕೊಳ್ಳಿ. ಬೆಳಗ್ಗೆ ಜಾಲರಿ ಇದೆಯೆಂಬುದೇ ನೆನಪಾಗುವುದಿಲ್ಲ, ಎದುರು ಕಟ್ಟಡದ ಬಾಲ್ಕನಿಯಲ್ಲಿ ಒಣಹಾಕಿದ ಸೀರೆಯ ಅಂಚಿನ ಬಣ್ಣವೂ ಕಾಣುತ್ತದೆ. ಸಂಜೆ ನಾಲ್ಕರ ಬಿಸಿಲು ಜಾಲರಿಗೆ ನೇರ ಬಡಿಯಲಿ, ಎಳೆ ಎಳೆಯೂ ಹೊಳೆಯತೊಡಗಿ ಕಟ್ಟಡ ಬೆಳ್ಳಗೆ ಮಾಸಿಹೋಗುತ್ತದೆ. ಜಾಲರಿಯ ಕಣ್ಣುಗಳೇನೂ ಕಿರಿದಾಗಿಲ್ಲ. ಬೆಳಗ್ಗೆ ಎಷ್ಟು ಪಾಲು ಬೆಳಕನ್ನು ಅದು ತಡೆಯುತ್ತಿತ್ತೋ ಈಗಲೂ ಅಷ್ಟೇ ತಡೆಯುತ್ತಿದೆ. ಹೊಸದಾಗಿ ಆದದ್ದು ಇಷ್ಟೇ: ಜಾಲರಿ ತನ್ನದೇ ಬೆಳಕನ್ನು ನಿಮ್ಮ ಕಣ್ಣಿಗೆ ಎಸೆಯುತ್ತಿದೆ.

ಈಗ ಕಿಲೋಮೀಟರಿಗೆ ಒಂದರಂತೆ ಇಂಥ ಜಾಲರಿಗಳನ್ನು ಕಳಸೂಬಾಯಿಯಿಂದ ದಿಗಂತದವರೆಗೆ ತೂಗುಹಾಕಿದ್ದಾರೆಂದುಕೊಳ್ಳಿ. ಬೆಟ್ಟದಿಂದ ಹೊರಟ ಬೆಳಕು ಪ್ರತಿ ಜಾಲರಿಯಲ್ಲೂ ಒಂದಷ್ಟು ಸೋರಿಹೋಗುತ್ತದೆ, ಪ್ರತಿ ಜಾಲರಿಯೂ ತನ್ನ ಪಾಲಿನ ಹೊಳಪು ಸೇರಿಸುತ್ತದೆ. ಕೊನೆಗೆ ಕಣ್ಣಿಗೆ ತಲಪುವುದು ಬೆಟ್ಟದ್ದಲ್ಲ, ಜಾಲರಿಗಳ ಬೆಳಕು. ಅದನ್ನೇ ದಿಗಂತದ ಬಿಳುಪು ಎನ್ನುತ್ತೇವೆ. ದೂರ ಹೋದಂತೆ ಬೆಟ್ಟ ಕಪ್ಪಾಗದೆ ತೆಳುವಾಗುತ್ತಾ ಆಕಾಶದ ಬಣ್ಣಕ್ಕೆ ತಿರುಗುವುದು ಇದೇ ಕಾರಣಕ್ಕೆ. ಜಾಲರಿಯ ಎಳೆಗಳ ಜಾಗದಲ್ಲಿ ಗಾಳಿಯ ಅಣುಗಳು, ಧೂಳು, ಹೊಗೆ, ಉಪ್ಪಿನ ಹನಿಗಳನ್ನು ಇಟ್ಟುಕೊಂಡರೆ ಚಿತ್ರ ಪೂರ್ತಿ.

ಇದಕ್ಕೆ ಲೆಕ್ಕ ಕೊಟ್ಟವರು ಜರ್ಮನಿಯ ಹವಾಮಾನ ವಿಜ್ಞಾನಿ ಹರಾಲ್ಡ್ ಕೋಷ್ಮೀಡರ್, 1924ರಲ್ಲಿ. ಅವರ ಸೂತ್ರ ನಮ್ಮ ಸಾಂತಾಕ್ರೂಜ್‌ಗೆ ಹೊಸದೇನಲ್ಲ. 2005ರ ಜುಲೈ 26ರಂದು ಒಂದೇ ದಿನಕ್ಕೆ 944 ಮಿ.ಮೀ. ಮಳೆ ಅಳೆದು ದೇಶಕ್ಕೆಲ್ಲ ಹೆಸರಾದ ಇಲ್ಲಿನ ಹವಾಮಾನ ವೀಕ್ಷಣಾಲಯ ದಿನವೂ ಬರೆದಿಡುವ ಅಂಕಿಗಳಲ್ಲಿ ವಿಸಿಬಿಲಿಟಿಯೂ ಒಂದು. ಪಕ್ಕದಲ್ಲೇ ವಿಮಾನ ನಿಲ್ದಾಣ ಇರುವುದರಿಂದ ಅದಿಲ್ಲದೆ ನಡೆಯುವುದಿಲ್ಲ. ಹಳೆಯ ಕ್ರಮ ಸರಳ. ಎಷ್ಟು ದೂರದಲ್ಲಿವೆಯೆಂದು ಗೊತ್ತಿರುವ ಗುಡ್ಡ, ಗೋಪುರ, ಚಿಮಣಿಗಳ ಪಟ್ಟಿ ಇಟ್ಟುಕೊಂಡು, ಇವತ್ತು ಯಾವುದರವರೆಗೆ ಕಾಣುತ್ತದೆಂದು ನೋಡುವುದು. ರನ್‌ವೇ ಬದಿಯಲ್ಲಿ ಈಗ ಯಂತ್ರಗಳು ಬಂದಿವೆ. ಅವುಗಳಲ್ಲಿ 'ದೃಷ್ಟಿ' ಎಂಬುದನ್ನು ರೂಪಿಸಿದ್ದು ಬೆಂಗಳೂರಿನ ರಾಷ್ಟ್ರೀಯ ಏರೋಸ್ಪೇಸ್ ಪ್ರಯೋಗಾಲಯ (ಎನ್‌ಎಎಲ್). ದೆಹಲಿಯೂ ಸೇರಿ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಅದು ಕೆಲಸಮಾಡುತ್ತಿದೆ. ಹಳೇ ಕ್ರಮದ ಮೇಲೆ ನನಗೆ ಮಮತೆ ಜಾಸ್ತಿ. ಸಾಂತಾಕ್ರೂಜ್ ಪೂರ್ವದ ಎತ್ತರದ ಕಟ್ಟಡದ ಗಚ್ಚಿಯಿಂದ ಸುಮಾರು 45 ಕಿ.ಮೀ. ದೂರದ ಮಾಥೇರಾನ್‌ನ ಚಪ್ಪಟೆ ನೆತ್ತಿ ಕಂಡರೆ, ಆ ದಿನದ ಗಾಳಿಗೆ ಎಷ್ಟು ಮಾರ್ಕು ಕೊಡಬೇಕೆಂದು ಯಂತ್ರವನ್ನು ಕೇಳಬೇಕಾಗಿಲ್ಲ.

ಕಪ್ಪು ಬೆಟ್ಟಕ್ಕೂ ಅದರ ಹಿಂದಿನ ಆಕಾಶಕ್ಕೂ ಇರುವ ವ್ಯತ್ಯಾಸ ನೂರಕ್ಕೆ ಎರಡರಷ್ಟಕ್ಕೆ ಇಳಿದರೆ ಕಣ್ಣು ಸೋಲುತ್ತದೆ, ಆ ದೂರವೇ ವಿಸಿಬಿಲಿಟಿ ಎಂದು ಕೋಷ್ಮೀಡರ್ ಲೆಕ್ಕ. ಬೇಸಿಗೆಯ ಒಂದು ದಿನ ವಿಸಿಬಿಲಿಟಿ 25 ಕಿ.ಮೀ. ಇದೆಯೆಂದು ಹಿಡಿಯೋಣ. ಕಳಸೂಬಾಯಿಯಿಂದ ಸುಮಾರು 5 ಕಿ.ಮೀ. ಆಚೆಗಿರುವ ಅಲಂಗ್ ಕೋಟೆಯ ಕಾಂಟ್ರಾಸ್ಟ್ ಆಗಲೇ ಅರ್ಧಕ್ಕಿಂತ ಕೆಳಗೆ, ಶೇ. 46ರ ಆಸುಪಾಸಿಗೆ ಇಳಿದಿರುತ್ತದೆ. ಸುಮಾರು 11 ಕಿ.ಮೀ. ದೂರದ ರತನ್‌ಗಡದ್ದು ಶೇ. 18. ಹರಿಶ್ಚಂದ್ರಗಡಕ್ಕೆ ನೇರ ಗೆರೆ ಎಳೆದರೆ ಹತ್ತಿರ ಹತ್ತಿರ 25 ಕಿ.ಮೀ., ಅಲ್ಲಿ ಉಳಿಯುವುದು ಶೇ. 2. ಕಂಡೂ ಕಾಣದ ಹಾಗೆ. ಫೋನ್ ಉಳಿಸುವ ಜೆಪೆಗ್ ಚಿತ್ರದಲ್ಲಿ ಕಪ್ಪಿನಿಂದ ಬಿಳಿಗೆ 256 ಮೆಟ್ಟಿಲು, ಅದರಲ್ಲಿ ಶೇ. 2 ಎಂದರೆ ಐದಾರು ಮೆಟ್ಟಿಲು. ಇಡೀ ಹರಿಶ್ಚಂದ್ರಗಡ ಆ ಐದಾರರೊಳಗೆ ಮುಗಿಯಬೇಕು. ನಮ್ಮ ಕಣ್ಣು ಮಿದುಳುಗಳು ನೋಡಿದ ಜಾಗದ ಸಣ್ಣ ವ್ಯತ್ಯಾಸವನ್ನು ಹಿಗ್ಗಿಸಿ ತೋರಿಸುತ್ತವೆ, ಫೋನು ಇಡೀ ದೃಶ್ಯಕ್ಕೆ ಒಂದೇ ಅಳತೆಗೋಲು ಹಿಡಿಯುತ್ತದೆ. ಓದುಗರ ಐದಾರು ಸಾಲು ಎರಡಾದದ್ದು ಹೀಗೆ.

ಗಾಳಿ ಬೆರೆಸುವ ಈ ಬೆಳಕನ್ನು ಬೇರ್ಪಡಿಸಬಹುದೇ? ಇಲ್ಲಿ ಮುಂಬಯಿಗೆ ನಂಟಿರುವ ಒಂದು ಕಥೆ ಹೇಳಲೇಬೇಕು.

1921ರಲ್ಲಿ ಸಿ. ವಿ. ರಾಮನ್ ಆಕ್ಸ್‌ಫರ್ಡಿನ ಸಮ್ಮೇಳನ ಮುಗಿಸಿ ಎಸ್.ಎಸ್. ನಾರ್ಕುಂಡ ಹಡಗಿನಲ್ಲಿ ಮುಂಬಯಿಗೆ ಮರಳುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ಕಡು ನೀಲಿ ಅವರ ತಲೆಗೆ ಹೊಕ್ಕಿತು. ಸಮುದ್ರದ ನೀಲಿ ಆಕಾಶದ ಪ್ರತಿಫಲನವಷ್ಟೇ ಎಂದು ಲಾರ್ಡ್ ರ‍್ಯಾಲಿ ಹೇಳಿಯಾಗಿತ್ತು. ಸಣ್ಣವರಲ್ಲ ಅವರು; ಗಿಡ್ಡ ಅಲೆಯ ಬೆಳಕು ಹೆಚ್ಚು ಚದರುತ್ತದೆ, ಅಲೆಯುದ್ದ ಅರ್ಧವಾದರೆ ಚದರಿಕೆ ಹದಿನಾರು ಪಟ್ಟು ಎಂದು 1871ರಲ್ಲೇ ತೋರಿಸಿ ಆಕಾಶದ ನೀಲಿಯನ್ನು ಬಿಡಿಸಿಟ್ಟವರು. ರಾಮನ್ ಸುಮ್ಮನೆ ಒಪ್ಪಿಕೊಳ್ಳುವ ಜಾತಿಯಲ್ಲ. ಜೇಬಿನಲ್ಲಿದ್ದ ನಿಕೋಲ್ ಪ್ರಿಸಂ ತೆಗೆದು ಡೆಕ್ಕಿನ ಅಂಚಿನಿಂದ ನೀರನ್ನು ನೋಡಿದರು. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ, ಅಂದರೆ ಧ್ರುವೀಕರಣಗೊಂಡಿರುತ್ತದೆ. ಪ್ರಿಸಂ ತಿರುಗಿಸಿದರೆ ಅದನ್ನು ಅಳಿಸಿಹಾಕಬಹುದು. ಆಕಾಶದ ಪ್ರತಿಫಲನ ಅಳಿದ ಮೇಲೆ ನೀಲಿ ಮಾಯವಾಗಬೇಕಿತ್ತು. ಆಗಲಿಲ್ಲ, ಇನ್ನಷ್ಟು ಕಡುವಾಯಿತು! ನೀರಿನ ಅಣುಗಳೇ ಬೆಳಕು ಚದರಿಸುತ್ತಿವೆ ಎಂಬ ಲೇಖನ ಹಡಗು ಮುಂಬಯಿ ಬಂದರು ಸೇರುವ ಹೊತ್ತಿಗೆ ಸಿದ್ಧವಾಗಿತ್ತು, ಅದೇ ನವೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು. ಏಳು ವರ್ಷದ ನಂತರದ ರಾಮನ್ ಪರಿಣಾಮಕ್ಕೆ ದಾರಿ ಹೊರಳಿದ್ದು ಅಲ್ಲಿ.

ಫೋಟೋದವರು ಸಿಪಿಎಲ್ ಎಂದು ಕರೆಯುವ, ಲೆನ್ಸಿನ ಮುಂದೆ ತಿರುಗಿಸುವ ಪೋಲರೈಸರ್ ಮಾಡುವುದೂ ಆ ಪ್ರಿಸಂನ ಕೆಲಸವನ್ನೇ. ಗಾಳಿಯ ಅಣುಗಳು ಚದರಿಸಿದ ಬೆಳಕು, ಸೂರ್ಯನಿಂದ 90 ಡಿಗ್ರಿ ಸರಿದ ದಿಕ್ಕಿನಲ್ಲಿ ಅತಿ ಹೆಚ್ಚು ಧ್ರುವೀಕರಣಗೊಂಡಿರುತ್ತದೆ. ಇದರಿಂದ ಒಂದು ವಿಚಿತ್ರ ಹುಟ್ಟುತ್ತದೆ. ಮೇ ಮಧ್ಯಭಾಗದಲ್ಲಿ ಮುಂಬಯಿ ಅಕ್ಷಾಂಶದಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಗೇ ಬರುತ್ತಾನೆ, ಶೂನ್ಯ ನೆರಳಿನ ದಿನ ಎಂದು ಮಕ್ಕಳನ್ನು ಅಂಗಳಕ್ಕೆ ಕರೆದು ತೋರಿಸುವುದು ಆಗಲೇ. ಸೂರ್ಯ ನೆತ್ತಿಯಲ್ಲಿದ್ದರೆ ಸುತ್ತಲಿನ ದಿಗಂತವೆಲ್ಲ ಅವನಿಂದ 90 ಡಿಗ್ರಿ! ಮಧ್ಯಾಹ್ನ ಕ್ಯಾಮೆರಾ ಚೀಲದೊಳಗಿಡಿ ಎಂದು ಉಪದೇಶಿಸುವವರಿಗೆ ಹೇಳಬೇಕಾದ ಮಾತು ಇದು. ನೆರಳಿಲ್ಲದೆ ಬಂಡೆಗಳು ಚಪ್ಪಟೆಯಾಗಿ ಕಾಣುತ್ತವೆ, ನಿಜ. ಆದರೆ ಪೋಲರೈಸರ್ ಯಾವ ದಿಕ್ಕಿನ ಬೆಟ್ಟಕ್ಕೆ ಹಿಡಿದರೂ ಒಂದೇ ಸಮ ಕೆಲಸ ಮಾಡುವ ಹೊತ್ತು ಅದೇ.

ಒಂದು ತೊಡಕಿದೆ. ಈ ಗುಣ ಅಣುಗಳಂಥ ಅತಿ ಸಣ್ಣ ಕಣಗಳದ್ದು. ನಮ್ಮ ಬೇಸಿಗೆಯ ಗಾಳಿಯಲ್ಲಿರುವುದು ದಪ್ಪ ಸಾಮಾನು. ಬಯಲ ಮಣ್ಣಿನ ಧೂಳು, ಒಣಹುಲ್ಲು ಸುಟ್ಟ ಹೊಗೆ, ಊರಿನ ಡೀಸೆಲ್ ಮಸಿ, ಇವುಗಳ ಜೊತೆಗೆ ಕೊಂಕಣದ ಕಡೆಯಿಂದ ಏರಿಬರುವ ಸಮುದ್ರದ ಉಪ್ಪು. ಗಾಳಿಯ ತೇವಾಂಶ ಶೇ. 75ರ ಹತ್ತಿರ ಬಂದರೆ ಉಪ್ಪಿನ ಕಣ ನೀರು ಹೀರಿ ಕರಗಿ ಹನಿಯಾಗಿ ಊದಿಕೊಳ್ಳುತ್ತದೆ. ಹಾಗಾಗಿ ಮೇ ಬೆಳಗಿನ ಸಹ್ಯಾದ್ರಿಯ ಪಶ್ಚಿಮ ಮಗ್ಗುಲು ಹಾಲು ಬಿಳುಪು. ದಪ್ಪ ಕಣಗಳು ಬೆಳಕನ್ನು ಹೇಗೆ ಚದರಿಸುತ್ತವೆಂದು ಗುಸ್ತಾವ್ ಮೀ 1908ರಲ್ಲಿ ಗಣಿತ ಬರೆದರು. ಅವು ಬಣ್ಣಭೇದ ಮಾಡುವುದಿಲ್ಲ, ಧ್ರುವೀಕರಣವನ್ನು ಕೆಡಿಸುತ್ತವೆ, ಹೆಚ್ಚಿನ ಬೆಳಕನ್ನು ಸೂರ್ಯನಿಗೆ ಎದುರಾಗಿ ನಿಂತವರ ಮುಖಕ್ಕೇ ತಳ್ಳುತ್ತವೆ. ಅಣುಗಳಷ್ಟೇ ಇದ್ದ ಶುದ್ಧ ಗಾಳಿಯಲ್ಲಿ ಸಮುದ್ರಮಟ್ಟದಲ್ಲೂ 300 ಕಿ.ಮೀ. ಹತ್ತಿರ ಕಾಣಬೇಕು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ, ಜಲಂಧರ್‌ನವರು ಮನೆಯ ಗಚ್ಚಿಯಿಂದಲೇ ಧವಲಾಧರ್ ಹಿಮಸಾಲಿನ ಫೋಟೋ ತೆಗೆದರು. ಬೆಟ್ಟ ಅಲ್ಲೇ ಇತ್ತು, ನಡುವಿನ ದಪ್ಪ ಸಾಮಾನು ಹೋಗಿತ್ತು ಅಷ್ಟೆ.

ಅಂಗಡಿಯವರು ಯುವಿ ಫಿಲ್ಟರ್ ತೋರಿಸಿ "ಇದು ಹೇಜ್ ಕಟ್ ಮಾಡುತ್ತೆ" ಎಂದರೆ ನಕ್ಕು ಸುಮ್ಮನಾಗಿ. ಫಿಲ್ಮ್ ಕಾಲದಲ್ಲಿ ಅದರಲ್ಲಿ ಅರ್ಥವಿತ್ತು, ಫಿಲ್ಮಿಗೆ ಅತಿನೇರಳೆ ಕಿರಣ ತಾಗುತ್ತಿತ್ತು. ಡಿಜಿಟಲ್ ಸೆನ್ಸರಿನ ಮುಂದೆ ಅದನ್ನು ತಡೆಯುವ ಗಾಜು ಕಾರ್ಖಾನೆಯಲ್ಲೇ ಕೂತಿರುತ್ತದೆ. ಅವಗೆಂಪು ಕಿರಣದ ಫೋಟೋಗ್ರಫಿಯದು ಇದಕ್ಕಿಂತ ಗಟ್ಟಿ ಕಥೆ. ಅಮೆರಿಕದ ರಾಬರ್ಟ್ ವುಡ್ 1910ರಲ್ಲೇ ಅಂಥ ನಿಸರ್ಗಚಿತ್ರಗಳನ್ನು ಪ್ರಕಟಿಸಿದರು: ಕಪ್ಪು ಆಕಾಶ, ಹಿಮದಷ್ಟು ಬೆಳ್ಳಗಿನ ಮರದೆಲೆ. ಅಣುಗಳ ಚದರಿಕೆ ಅಲ್ಲಿ ಬಹಳ ಕಮ್ಮಿ. ಆದರೆ ನಮ್ಮ ಮೇ ಧೂಳಿಗೆ ಅದೂ ಪೂರ್ತಿ ಮದ್ದಲ್ಲ.

ಇನ್ನು ಫೋನಿನ 'ಡಿಹೇಜ್' ಗುಂಡಿ. ಇದು ಮೋಸವಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಶ್ರೀ ನಾಯರ್ ಮತ್ತು ಶ್ರೀನಿವಾಸ ನರಸಿಂಹನ್ 1999ರಲ್ಲಿ ಕೋಷ್ಮೀಡರನ ಲೆಕ್ಕವನ್ನೇ ಕಂಪ್ಯೂಟರ್ ದೃಷ್ಟಿಗೆ ತಂದರು. 2009ರಲ್ಲಿ ಕೈಮಿಂಗ್ ಹೆ ಮತ್ತು ಸಂಗಡಿಗರು ಒಂದು ಚುರುಕು ಗಮನಿಕೆ ಸೇರಿಸಿದರು: ಮಬ್ಬಿಲ್ಲದ ಹೊರಾಂಗಣ ಚಿತ್ರದಲ್ಲಿ ಆಕಾಶ ಬಿಟ್ಟು ಹೆಚ್ಚುಕಡಿಮೆ ಯಾವ ತುಣುಕು ತೆಗೆದುಕೊಂಡರೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದಾದರೂ ಬಣ್ಣ ಎಲ್ಲೋ ಒಂದು ಕಡೆ ಸೊನ್ನೆಗೆ ಹತ್ತಿರವಿರುತ್ತದೆ. ಇಲ್ಲದಿದ್ದರೆ ಹೆಚ್ಚುವರಿಯಾಗಿ ಸೇರಿದ್ದು ಗಾಳಿಯ ಬೆಳಕು, ಅಷ್ಟನ್ನು ಕಳೆಯಿರಿ. ಹಸಿರು ಕಣಿವೆಯಲ್ಲಿ ಸೊಗಸಾಗಿ ನಡೆಯುತ್ತದೆ, ಹಿಮ ಅಥವಾ ಬಿಳಿ ಬಂಡೆ ಬಂದರೆ ಅದನ್ನೂ ಮಬ್ಬೆಂದು ತಿಳಿದು ಕೆರೆಯುತ್ತದೆ. ಕಳೆಯಬಹುದು ಸರಿ, ಸೆನ್ಸರ್ ಹಿಡಿಯದ್ದನ್ನು ಕೊಡಲಾಗದು. ಐದಾರು ಮೆಟ್ಟಿಲಲ್ಲಿ ಸಿಕ್ಕಿಬಿದ್ದ ಹರಿಶ್ಚಂದ್ರಗಡವನ್ನು ಹಿಗ್ಗಿಸಿದರೆ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. 14 ಬಿಟ್‌ನ ರಾ ಫೈಲಿನಲ್ಲಿ 16,384 ಮೆಟ್ಟಿಲು ಇರುವುದರಿಂದ ಅಲ್ಲಿ ಅದೇ ಗುಂಡಿ ಎಷ್ಟೋ ಮರ್ಯಾದೆಯಿಂದ ನಡೆದುಕೊಳ್ಳುತ್ತದೆ. ಎಐ ಹೆಸರಲ್ಲಿ ಇಲ್ಲದ ಬಂಡೆಸೀಳು ಬರೆದುಕೊಡುವ ಫೋನುಗಳು ಬೇರೆ ಬಾಬತ್ತು. ಅವನ್ನು ಚಿತ್ರಕಲೆಯ ವಿಭಾಗಕ್ಕೆ ಬಿಡೋಣ.

ನನ್ನ ಕೇಳಿದರೆ ಮಬ್ಬಿನೊಂದಿಗೆ ಗುದ್ದಾಡುವುದಕ್ಕಿಂತ ಅದನ್ನೇ ಹಿನ್ನೆಲೆ ಮಾಡಿಕೊಳ್ಳುವುದು ಜಾಣತನ. 2016ರ ಜುಲೈನಲ್ಲಿ ಸ್ಪೇನಿನ ಮಾರ್ಕ್ ಬ್ರೆಟ್ ಪಿರನೀಸ್ ಪರ್ವತದ ಫಿನೆಸ್ಟ್ರೆಲ್ಸ್ ಶಿಖರದಿಂದ ಆಲ್ಪ್ಸ್‌ನ ಪಿಕ್ ಗ್ಯಾಸ್ಪಾರ್ ಶಿಖರವನ್ನು ಫೋಟೋ ತೆಗೆದರು. ನಡುವೆ 443 ಕಿ.ಮೀ. ಹಾಡುಹಗಲಲ್ಲಿ ಇದು ಆಗದ ಮಾತು. ಆ ಶಿಖರಗಳ ಕಡೆಯ ಆಕಾಶದಲ್ಲಿ ಸೂರ್ಯ ಏಳುವ ಮುನ್ನ, ನಸುಕಿನಲ್ಲಿ ತೆಗೆದ ಚಿತ್ರ ಅದು. ನಡುವಿನ ಗಾಳಿಗೆ ಇನ್ನೂ ಬಿಸಿಲು ಬಿದ್ದಿರಲಿಲ್ಲ, ಹಿಂದಿನ ಆಕಾಶ ಕೆಂಪು, ಕೆಂಪು ಕಡಿಮೆ ಚದರುವ ಬಣ್ಣ.

ಕಳಸೂಬಾಯಿಯ ಮೇಲೂ ಅದೇ ಉಪಾಯ ನಡೆಯುತ್ತದೆ, ದಿಕ್ಕು ಮಾತ್ರ ತಿರುವುಮುರುವು. ಅಲಂಗ್, ಮದನ್, ಕುಲಂಗ್ ಕೋಟೆಗಳು ಅಲ್ಲಿಂದ ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ವಾಲಿ ಇವೆ. ಸಂಜೆಯವರೆಗೆ ಮೇಲೆ ಉಳಿಯಬೇಕು, ಕತ್ತಲಲ್ಲಿ ಆ ಏಣಿಗಳನ್ನು ಇಳಿಯಲು ಟಾರ್ಚು ಬೇಕು. ಮೇ ತಿಂಗಳಲ್ಲಿ ಸೂರ್ಯ ಕೋಟೆಗಳಿಂದ ನಲವತ್ತು ಡಿಗ್ರಿಯಷ್ಟು ಬಲಕ್ಕೆ ಸರಿದು ಮುಳುಗುತ್ತಾನೆ. ಡಿಸೆಂಬರ್ ಕೊನೆಯಲ್ಲಾದರೆ ಹೆಚ್ಚುಕಡಿಮೆ ಅವುಗಳ ಬೆನ್ನಿಗೇ.