ಪರಸಗಡ ಎಂದರೂ ಮುರಗೋಡ ಸಿಗಲಿ

ಮುರಗೋಡದ ಹಳೆಯ ಸಂಗತಿ ಹುಡುಕುತ್ತ 1884ರ ಬೆಳಗಾವಿ ಗ್ಯಾಜೆಟಿಯರ್ ತೆರೆದರೆ ಊರು ಪರಸಗಡ ತಾಲ್ಲೂಕಿನಲ್ಲಿರುತ್ತದೆ. ಆ ತಾಲ್ಲೂಕಿನ ಕಚೇರಿ ಇದ್ದದ್ದು ಸವದತ್ತಿಯಲ್ಲಿ. ಬೈಲಹೊಂಗಲ, ಕಿತ್ತೂರುಗಳು ಆಗ ಸಂಪಗಾಂವ ತಾಲ್ಲೂಕಿಗೆ ಸೇರಿದ್ದವು. ಇನ್ನೂ ಹಿಂದೆ, ರಟ್ಟರ ಶಾಸನಗಳ ಕಾಲಕ್ಕೆ ಹೋದರೆ ಸವದತ್ತಿಯೇ ಸುಗಂಧವರ್ತಿ.

ಇವೆಲ್ಲ ಒಂದೇ ಸೀಮೆಯ ಮಾತು ಎಂದು ಇಲ್ಲಿನ ಹಿರಿಯರಿಗೆ ಗೊತ್ತು. ಬರೀ ಅಕ್ಷರ ಹೋಲಿಸಿ ಹುಡುಕುವ ಕಂಪ್ಯೂಟರಿಗೆ ಗೊತ್ತಾಗದು. ತೊಡಕು ತಿರುವುಮುರುವಾಗಿಯೂ ಇದೆ: ಚನ್ನಮ್ಮನ ಕಿತ್ತೂರು ಒಂದಾದರೆ, ಪುನ್ನಾಟರ ರಾಜಧಾನಿ ಕೀರ್ತಿಪುರವೆಂದು ಗುರುತಿಸಲಾದ ಕಿತ್ತೂರು ದೂರದ ಹೆಗ್ಗಡದೇವನಕೋಟೆ ಸೀಮೆಯದು.

ಅಂತರ್ಜಾಲದ ಬರಹಕ್ಕೆ ಅರ್ಥದ ಗುರುತುಚೀಟಿ ಅಂಟಿಸಬೇಕು ಎಂದು ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಮತ್ತು ಸಂಗಡಿಗರು 2001ರಲ್ಲೇ ವಾದಿಸಿದ್ದರು. ಆ ಮಾತು ಸಾಮಾನ್ಯರ ಕೈಗೆಟುಕಿದ್ದು 2012ರ ಅಕ್ಟೋಬರ್‌ನಲ್ಲಿ ಶುರುವಾದ ಮುಕ್ತ ಮಾಹಿತಿಕೋಶ ವಿಕಿಡೇಟಾದಿಂದ. ಅಲ್ಲಿ ಗುರುತು ಹೆಸರಿನದಲ್ಲ, ಸಂಖ್ಯೆಯದು. ಕರ್ನಾಟಕ ಎಂದರೆ ಕ್ಯೂ1185. ಯಾವ ಭಾಷೆಯಲ್ಲಿ, ಯಾವ ಕಾಗುಣಿತದಲ್ಲಿ ಬರೆದರೂ ಅದೇ. ಸಂಖ್ಯೆಯಡಿ ಎಷ್ಟು ಪರ್ಯಾಯ ಹೆಸರುಗಳನ್ನಾದರೂ ಸೇರಿಸಬಹುದು. ಊರು ಯಾವ ತಾಲ್ಲೂಕಿನಲ್ಲಿತ್ತು, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದೂ ದಾಖಲಿಸಬಹುದು. 2014ರ ನವೆಂಬರ್ 1ರಂದು ಬೆಳಗಾಂ ಅಧಿಕೃತವಾಗಿ ಬೆಳಗಾವಿಯಾಯಿತು; ಸಂಬಂಧ ಹೀಗೆ ಬರೆದಿಟ್ಟಿದ್ದರೆ ಹಳೆಯ ಕಾಗದಪತ್ರ ದಿಕ್ಕೆಡುವುದಿಲ್ಲ.

ಕನ್ನಡದಲ್ಲಿ ಈ ಕೆಲಸದ ಬೆಲೆಯನ್ನು ಬೇಗ ಅರಿತವರು ‘ಸಂಚಯ’ ತಂಡದವರು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸಾವಿರಾರು ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿತ್ತು. ಆದರೆ ಶೀರ್ಷಿಕೆ, ಲೇಖಕರ ಹೆಸರು ರೋಮನ್ ಲಿಪಿಯಲ್ಲಿ, ಮನಬಂದ ಕಾಗುಣಿತದಲ್ಲಿದ್ದವು. ಕನ್ನಡದಲ್ಲಿ ಹುಡುಕಿದರೆ ಕನ್ನಡ ಪುಸ್ತಕವೇ ಸಿಗದ ಸ್ಥಿತಿ! ‘ಸಮೂಹ ಸಂಚಯ’ದ ಮೂಲಕ ಸ್ವಯಂಸೇವಕರು ಆ ವಿವರಗಳನ್ನು ಕನ್ನಡ ಲಿಪಿಗೆ ತಂದರು, ‘ಪುಸ್ತಕ ಸಂಚಯ’ದಲ್ಲಿ ಅವು ಹುಡುಕಲು ಒದಗಿದವು. ಪುಸ್ತಕದ ಒಂದು ಪುಟವನ್ನೂ ಅವರು ಹೊಸದಾಗಿ ಬರೆಯಲಿಲ್ಲ, ಆದರೂ ಅದನ್ನು ಓದುಗರ ಕೈಗೆ ತಲುಪಿಸಿದರು. ಇದು ಸಣ್ಣ ಸೇವೆಯಲ್ಲ.

ಇದೇ ಶ್ರದ್ಧೆ ಊರುಗಳಿಗೂ ಬೇಕು. ಮುರಗೋಡದ ಚಿದಂಬರೇಶ್ವರ ಗುಡಿ, ಬೈಲಹೊಂಗಲದ ಚನ್ನಮ್ಮನ ಸಮಾಧಿ, ರಾಯಣ್ಣನ ಸಂಗೊಳ್ಳಿ, ಸಂಸ್ಥಾನವಾಗಿದ್ದ ರಾಮದುರ್ಗ: ಇವುಗಳ ಹಳೆಯ ಹೆಸರು, ಹಳೆಯ ತಾಲ್ಲೂಕು, ನಕಾಶೆಯ ಜಾಗ ಯಾವುವೆಂದು ಬೆಂಗಳೂರಿನಲ್ಲಿ ಕೂತವರಿಗಿಂತ ಇಲ್ಲಿನ ಶಾಲೆಯ ಮಾಸ್ತರರಿಗೆ, ಕಾಲೇಜು ಹುಡುಗರಿಗೆ ಚೆನ್ನಾಗಿ ಗೊತ್ತು. ವಿಕಿಡೇಟಾ ತಿದ್ದಲು ಕೋಡಿಂಗ್ ಕಲಿಯಬೇಕಿಲ್ಲ. ಒಂದು ಮೊಬೈಲ್, ಗ್ಯಾಜೆಟಿಯರ್‌ನ ಪುಟಸಂಖ್ಯೆಯಂಥ ಒಂದು ಗಟ್ಟಿ ಆಧಾರ ಇದ್ದರೆ ಇಂದೇ ಶುರುಮಾಡಬಹುದು.